ಲಜ್ಜಾಗೌರಿಯೂ ಶೀಗಿ ಹುಣ್ಣಿಮೆಯೂ

ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಒಂದು ಶಿಲ್ಪದೆದುರು ತಲೆ ತಗ್ಗಿಸಿ ಬೇಗನೆ ಮುಂದೆ ಸರಿದುದನ್ನು ಕಂಡಿದ್ದೇನೆ. ಜೊತೆಗಿದ್ದ ನಾನೂ ಬಾಯಿ ತೆರೆಯದೆ ಅವರನ್ನು ಹಿಂಬಾಲಿಸಿದೆ. ಆ ಮೌನವು ಅಧ್ಯಾಪಕನಿಗೆ ಸಲ್ಲತಕ್ಕದ್ದಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಶಿಲ್ಪವು ನಾಗನಾಥಕೊಳ್ಳದಲ್ಲಿ ದೊರೆತ, ಚಾಲುಕ್ಯರ ಕಾಲದ ಲಜ್ಜಾಗೌರಿ. ದೇವಿಯು ಮೊಣಕಾಲುಗಳನ್ನು ಮಡಚಿ ಅಗಲಿಸಿದ್ದಾಳೆ, ಆಭರಣಗಳುಂಟು, ವಸ್ತ್ರವಿಲ್ಲ, ಶಿರಸ್ಸಿನ ಸ್ಥಾನದಲ್ಲಿ ಅರಳಿದ ಕಮಲವಿದೆ. ಇದು ಹೆರಿಗೆಯ ಭಂಗಿ. ವಿದ್ವಾಂಸರು ಇದನ್ನು 'ಉತ್ತಾನಪಾದ'ವೆನ್ನುವರು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಅದಿತಿಯ ಪ್ರಸಂಗದಲ್ಲಿ, ಭೂಮಿಯ ಉತ್ಪತ್ತಿಯೊಡನೆ ಈ ಶಬ್ದ ಬರುತ್ತದೆ. ಆದರೆ ಕಲ್ಪನೆಯು ಇನ್ನೂ ಪ್ರಾಚೀನವಾದುದು. ಹರಪ್ಪದ ಒಂದು ಮುದ್ರೆಯಲ್ಲಿ ತಲೆಕೆಳಗಾದ ಸ್ತ್ರೀಯ ಗರ್ಭದಿಂದ ಸಸ್ಯವೊಂದು ಮೂಡಿದೆ.

ತಲೆಯಿಲ್ಲದುದಕ್ಕೆ ಜನರು ನಾಚಿಕೆಯ ಕಥೆಗಳನ್ನು ಕಟ್ಟಿದ್ದಾರೆ. ಶಿಲ್ಪದ ಅರ್ಥವಾದರೋ ಬೇರೆ. ಇದರ ಹಳೆಯ ರೂಪಗಳಲ್ಲಿ ದೇಹವು ಕೊಡದಂತೆಯೇ ಇದ್ದು, ಅದರ ಬಾಯಿಂದ ಕಮಲ ಹೊಮ್ಮುತ್ತದೆ. ನಮ್ಮ ಮನೆಗಳ ಕಲಶವನ್ನು ನೆನೆಯಿರಿ: ನೀರು ತುಂಬಿದ ಒಡಲು, ಮೇಲೆ ಎಲೆ, ಕಾಯಿ. ಅದರ ಮುಂದೆ ಯಾರೂ ತಲೆ ತಗ್ಗಿಸಿ ಓಡುವುದಿಲ್ಲವಷ್ಟೆ!

ಇನ್ನು ನಮ್ಮ ಇಟ್ಟಿಗಿಯ ಸೀಮೆಗೆ ಬರೋಣ. ಆಶ್ವಯುಜದ ಶೀಗಿ ಹುಣ್ಣಿಮೆಯ ಹೊತ್ತಿಗೆ ಮುಂಗಾರಿ ಜೋಳವು ಹೊಡೆಯಾಗಿ ತೆನೆ ಹಿರಿಯುತ್ತಿರುತ್ತದೆ. ಭೂಮಿತಾಯಿ ಈಗ ಬಸುರಿ. ಬಸುರಿಗೆ ಬಯಕೆಯುಂಟು, ಆದ್ದರಿಂದ ಹೋಳಿಗೆ, ಕಡುಬು, ಪಲ್ಯಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಬೆಳೆಗೆ ಪೂಜೆ ಸಲ್ಲಿಸಿ, ಹೊಲದ ಸುತ್ತಲೂ ಚರಗ ಚೆಲ್ಲುತ್ತಾರೆ. ಮಗಳ ಕುಬುಸದಲ್ಲಿ ಉಡಿ ತುಂಬುವ ಕೈಗಳೇ ಅಲ್ಲಿಯೂ ಮುಂದಾಗುತ್ತವೆ. ಈಗ ಎಷ್ಟೋ ಹೊಲಗಳಲ್ಲಿ ಜೋಳದ ಬದಲು ಮೆಕ್ಕೆಜೋಳ ನಿಂತಿದೆ. ಚರಗವನ್ನು ಅದಕ್ಕೂ ಚೆಲ್ಲುತ್ತಾರೆ. ತಾಯಿಗೆ ಬೆಳೆಯ ಭೇದವಿಲ್ಲವೆಂದು ತೋರುತ್ತದೆ.

ಈ ಮೂರ್ತಿಯನ್ನು ಮಾಡಿಸಿದವರಾದರೂ ಯಾರು? ಆಂಧ್ರದ ನಾಗಾರ್ಜುನಕೊಂಡದಲ್ಲಿ ದೊರೆತ ಭಗ್ನಮೂರ್ತಿಯೊಂದರ ಮೇಲೆ ಬರಹವಿದೆ. ಮಾಡಿಸಿದವಳು ಇಕ್ಷ್ವಾಕು ವಂಶದ ಒಬ್ಬ ರಾಣಿ. ಅವಳು ತನ್ನನ್ನು ವಿಧವೆಯಲ್ಲದವಳು, ಮಕ್ಕಳು ಬದುಕಿರುವವಳು ಎಂದು ಬರೆಯಿಸಿದ್ದಾಳೆ. ಮಕ್ಕಳು ಬದುಕಿರುವುದೇ ರಾಣಿಗೂ ಬಿರುದಾಗಿದ್ದ ಕಾಲವದು. ಇಂಥ ಹರಕೆಯ ಮೂರ್ತಿಯನ್ನು ಅಶ್ಲೀಲವೆನ್ನಲು ನನಗೆ ನಾಲಗೆ ಏಳದು.

ದೇವೀಮಾಹಾತ್ಮ್ಯವು ಇದೇ ತಾಯಿಯನ್ನು ಶಾಕಂಭರಿಯೆಂದು ಹೆಸರಿಸುತ್ತದೆ: ಮಳೆಯಿಲ್ಲದ ದೀರ್ಘ ಕ್ಷಾಮದಲ್ಲಿ ತನ್ನ ದೇಹದಿಂದಲೇ ಶಾಕಗಳನ್ನು ಹುಟ್ಟಿಸಿ ಲೋಕವನ್ನು ಸಲಹುವವಳು. ಬರದ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೊಳಚಗುಡ್ಡದ ಬನಶಂಕರಿ ಆ ಶಾಕಂಭರಿಯೇ. ಪುಷ್ಯದ ಬನದ ಹುಣ್ಣಿಮೆಗೆ ಅವಳ ಜಾತ್ರೆ. ಆ ಗುಡಿಯು ಬಾದಾಮಿಗೆ ತೀರ ಸಮೀಪದಲ್ಲಿದೆ. ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕ ಮಿತ್ರರು ಮೊದಲು ಬನಶಂಕರಿಯನ್ನು ತೋರಿಸಿ, ಅನಂತರ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಉಚಿತ.