ಓಡುವ ನೀರಿಗೆ ಒಡ್ಡು

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬುದು ನಾಡಿನ ಹಳೆಯ ಗಾದೆ. ಮಾತು ನಿಜವಾದುದೇ. ಆದರೆ ಬಂದ ಮಳೆ ನೆಲದಲ್ಲಿ ಇಂಗದೆ, ಹೊಲದ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರಿದರೆ ಅದೇ ಮಳೆ ರೈತನಿಗೆ ಕೇಡಾಗಿ ಪರಿಣಮಿಸುತ್ತದೆ. ಒಣಬೇಸಾಯದ ಕಷ್ಟವೆಲ್ಲವೂ ಮಳೆಯ ಕೊರತೆಯಿಂದ ಹುಟ್ಟಿದ್ದಲ್ಲ. ಬಂದ ಮಳೆಯನ್ನು ಹಿಡಿದಿಡಲಾಗದಿರುವುದೂ ಅದಕ್ಕೆ ಕಾರಣ. ಉತ್ತರ ಕನ್ನಡ ಜಿಲ್ಲೆಯ ಪೂರ್ವದ ಅಂಚು ಇದಕ್ಕೆ ಒಳ್ಳೆಯ ನಿದರ್ಶನ.

ಈ ಜಿಲ್ಲೆಯ ಜೋಯಿಡಾ, ದಾಂಡೇಲಿಗಳು ದಟ್ಟವಾದ ಕಾಡಿನ ಸೀಮೆ. ಕಾಳಿ ನದಿ ಹರಿಯುವುದು ಇಲ್ಲಿಯೇ. ಅದಕ್ಕೆ ಕಟ್ಟಿದ ಸೂಪಾ ಅಣೆಕಟ್ಟು ಇರುವುದೂ ಇಲ್ಲಿಯೇ. ಪೂರ್ವಕ್ಕೆ ಸರಿದಂತೆ ಕಾಡು ತೆಳುವಾಗಿ, ಹಳಿಯಾಳ, ಮುಂಡಗೋಡಗಳ ಬಯಲು ಹೊಲಗಳು ತೆರೆದುಕೊಳ್ಳುತ್ತವೆ. ಮಲೆನಾಡೂ ಅಲ್ಲದ, ಬಯಲುಸೀಮೆಯೂ ಅಲ್ಲದ ಈ ನೆಲದಲ್ಲಿ ಕೂರಿಗೆಯಿಂದ ಬಿತ್ತಿದ ಭತ್ತ, ಹತ್ತಿ, ಗೋವಿನಜೋಳಗಳು ಬೆಳೆಯುತ್ತವೆ. ವರ್ಷದ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಮುಗಿಯುತ್ತದೆ. ಕೆರೆಯ ಕೆಳಗಿನ ಗದ್ದೆಗೆ ನೀರುಂಟು. ಎತ್ತರದ ಹೊಲಕ್ಕೆ ಮುಗಿಲೇ ಗತಿ. ಭತ್ತದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಮಳೆ ಕೈಕೊಟ್ಟರೆ ಎರಡೆಕರೆಯ ಒಡೆಯನ ವರ್ಷದ ದುಡಿಮೆಯೆಲ್ಲ ಜೊಳ್ಳಾಗುತ್ತದೆ. ಸಾಲ ಬೆಳೆಯುತ್ತದೆ, ಕೊನೆಗೆ ಊರು ಬಿಟ್ಟು ಕೂಲಿಗೆ ಹೋಗಬೇಕಾಗುತ್ತದೆ.

ಮುಗಿಲು ಕೊಡುವುದೇನು ಅಲ್ಪವಲ್ಲ. ಒಂದು ಎಕರೆ ಹೊಲದ ಮೇಲೆ 25 ಮಿಲಿಮೀಟರ್, ಎಂದರೆ ಸುಮಾರು ಒಂದು ಅಂಗುಲ ಮಳೆ ಬಿದ್ದರೆ, ಅದು 1 ಲಕ್ಷ ಲೀಟರ್ ನೀರು. ಇಳಿಜಾರಿನಲ್ಲಿ ಬಿರುಸಾಗಿ ಬಿದ್ದ ಈ ನೀರು ನಿಲ್ಲುವುದಿಲ್ಲ. ಓಡುವ ನೀರನ್ನು ನಡೆಯುವಂತೆ ಮಾಡಬೇಕು. ನಡೆಯುವ ನೀರನ್ನು ನಿಲ್ಲುವಂತೆ ಮಾಡಬೇಕು. ನಿಂತ ನೀರು ನೆಲದೊಳಗೆ ಇಂಗುವಂತೆ ಮಾಡಬೇಕು. ಒಣಬೇಸಾಯದ ಜಾಣ್ಮೆಯೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಇದಕ್ಕೆ ಮೊದಲ ಸಾಧನ ಬದು. ಬದು ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟದ ಗೆರೆಯಲ್ಲಿರಬೇಕು. ಆ ಗೆರೆಯನ್ನು ಹುಡುಕಲು ಬೆಲೆಬಾಳುವ ಯಂತ್ರ ಬೇಕಿಲ್ಲ. ಆಳೆತ್ತರದ, ಸಮ ಉದ್ದದ ಎರಡು ಬಿದಿರುಗಳನ್ನು ತುದಿಯಲ್ಲಿ ಕೂಡಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿಯನ್ನು ಬಿಗಿಯಬೇಕು. ಮೇಲ್ತುದಿಯಿಂದ ಕಲ್ಲು ಕಟ್ಟಿದ ದಾರವೊಂದನ್ನು ಅಡ್ಡಪಟ್ಟಿಗಿಂತ ಕೆಳಗೆ ಬರುವಂತೆ ಇಳಿಬಿಡಬೇಕು. ಕಾಲುಗಳು ಊರಿದ ಎರಡು ಸ್ಥಳಗಳಿಗೂ ಗೂಟ ಹೊಡೆದು, ದಾರವು ಪಟ್ಟಿಯನ್ನು ದಾಟುವ ಕಡೆ ಗುರುತು ಹಾಕಬೇಕು. ಬಳಿಕ ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಬಳಿ ನಿಲ್ಲಿಸಿ ಇನ್ನೊಂದು ಗುರುತು ಹಾಕಬೇಕು. ಎರಡು ಗುರುತುಗಳ ನಟ್ಟನಡುವಿನದೇ ಸಮಮಟ್ಟದ ಗುರುತು. ದಾರ ಅಲ್ಲಿಗೆ ಬರುವಂತೆ ಚೌಕಟ್ಟನ್ನು ಹೆಜ್ಜೆಹೆಜ್ಜೆಯಾಗಿ ತಿರುಗಿಸುತ್ತ ಸಾಗಿದರೆ ಹೊಲದ ಮೇಲೆ ಸಮಮಟ್ಟದ ಗೆರೆ ಮೂಡುತ್ತದೆ. ಶಾಲೆಯ ಮಕ್ಕಳೂ ಅರ್ಧ ದಿನದಲ್ಲಿ ಕಲಿಯಬಹುದಾದ ವಿದ್ಯೆಯಿದು.

ಆ ಗೆರೆಯಲ್ಲಿ ಕಂದಕ ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿದರೆ ಬದು ಸಿದ್ಧವಾಗುತ್ತದೆ. ನೀರು ಬೇಗ ಇಂಗದ ಎರೆಹೊಲದಲ್ಲಿ ಮಾತ್ರ ಬದುವಿಗೆ ಅಲ್ಪ ಇಳಿಜಾರು ಕೊಟ್ಟು, ಹೆಚ್ಚಿನ ನೀರು ಹೊರಹೋಗಲು ಕಲ್ಲು ಹಾಸಿದ ಕೋಡಿ ಇಡಬೇಕು. ಬರಿಯ ಮಣ್ಣಿನ ಬದು ಬಾಳುವುದಿಲ್ಲ. ಅದನ್ನು ಬೇರುಗಳು ಹಿಡಿದು ನಿಲ್ಲಿಸಬೇಕು. ರಾಜ್ಯದ ದಕ್ಷಿಣದಲ್ಲಿ, ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಬದುಗಳಲ್ಲಿ ಲಾವಂಚವನ್ನು ಬೆಳೆಸುತ್ತ ಬಂದವರು. ನೇರವಾಗಿ ಆಳಕ್ಕಿಳಿಯುವ ಅದರ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಗ್ಲಿರಿಸಿಡಿಯ ಎಂಬ ಗೊಬ್ಬರದ ಗಿಡವನ್ನು ನೆಟ್ಟರೆ ಸೊಪ್ಪೂ ದೊರೆಯುತ್ತದೆ.

ಬದುವಿನ ಮುಂದಿನ ಹೆಜ್ಜೆ ಕೃಷಿಹೊಂಡ. ಹಳಿಯಾಳ, ಮುಂಡಗೋಡಗಳಿಗೆ ಅಂಟಿಕೊಂಡಿರುವ ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ ಸುರಶೆಟ್ಟಿಕೊಪ್ಪ ಎಂಬ ಊರಿದೆ. 1967ರಲ್ಲಿ ಮಣಿಭಾಯಿ ದೇಸಾಯಿಯವರು ಸ್ಥಾಪಿಸಿದ ಬೈಫ್ ಸಂಸ್ಥೆಯ ನೆರವಿನಿಂದ ಅಲ್ಲಿಯ ರೈತರು 1990ರ ದಶಕದಿಂದೀಚೆಗೆ ತಮ್ಮ ಹೊಲಗಳಲ್ಲಿ ಸಾಲುಹೊಂಡಗಳನ್ನು ತೋಡಿಕೊಂಡರು. ಮೇಲಿನ ಹೊಂಡ ತುಂಬಿ ಚೆಲ್ಲಿದ ನೀರು ಕಾಲುವೆಯ ಮೂಲಕ ಕೆಳಗಿನ ಹೊಂಡಕ್ಕೆ ಇಳಿಯುವುದು ಈ ಏರ್ಪಾಡಿನ ವಿಶೇಷ. ಮೇಲೆ 30 ಅಡಿ ಉದ್ದ, 30 ಅಡಿ ಅಗಲವಿದ್ದು, ಬದಿಗಳು ಇಳಿಜಾರಾಗಿ 10 ಅಡಿ ಆಳದಲ್ಲಿ 10 ಅಡಿ ಚೌಕಕ್ಕೆ ಮುಗಿಯುವ ಹೊಂಡವೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅದರಲ್ಲಿ ಸುಮಾರು 1 ಲಕ್ಷ 20 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಲು ಅಷ್ಟು ಸಾಕು. ಕಾಳು ಕಟ್ಟುವ ಹೊತ್ತಿನಲ್ಲಿ ದೊರೆತ ಆ ಒಂದು ನೀರು ಇಡೀ ಬೆಳೆಯನ್ನು ಉಳಿಸಬಲ್ಲುದು. ಹೊಂಡದಿಂದ ಇಂಗಿಹೋದ ನೀರೂ ವ್ಯರ್ಥವಲ್ಲ. ಅದು ತಗ್ಗಿನ ಹೊಲಕ್ಕೆ ತಂಪನ್ನೀಯುತ್ತದೆ.

ಇಂಗಿದ ತೇವವನ್ನು ಬಿಸಿಲಿನಿಂದ ಕಾಪಾಡುವುದು ಉಳಿದ ಕೆಲಸ. ನೆಲಕ್ಕೆ ಹುಲ್ಲಿನ ಹೊದಿಕೆ ಒಳ್ಳೆಯದೆನ್ನುವರು. ಆದರೆ ಹುಲ್ಲು ದನಗಳ ಮೇವು. ಅದನ್ನು ಹೊಲಕ್ಕೆ ಹಾಸೆಂದು ಬಡ ರೈತನಿಗೆ ಹೇಳುವುದು ಸುಲಭವಲ್ಲ. ಬದುವಿನ ಗೊಬ್ಬರದ ಗಿಡದ ಸೊಪ್ಪು ಒದಗುವುದು ಇಲ್ಲಿಯೇ. ಎಡೆಕುಂಟೆ ಹೊಡೆದರೆ ಕಳೆ ಸಾಯುತ್ತದೆ, ನೆಲದ ಬಿರುಕು ಮುಚ್ಚುತ್ತದೆ, ತೇವ ಉಳಿಯುತ್ತದೆ. ಭತ್ತ ಕೊಯ್ದ ಹೊಲದಲ್ಲಿ ಕಡಲೆ ಬಿತ್ತುವವರು ಬೀಜವನ್ನು ಸುಮಾರು 8 ಗಂಟೆ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತಿದರೆ, ಉಳಿದ ತೇವ ಆರುವ ಮೊದಲೇ ಮೊಳಕೆ ನೆಲ ಹಿಡಿಯುತ್ತದೆ. ಈ ಉಪಾಯಕ್ಕೆ ತಗಲುವ ವೆಚ್ಚ ಒಂದು ಕೊಡ ನೀರು ಮಾತ್ರ.

ಈ ಉಪಾಯಗಳಿಗೂ ಮಿತಿಯುಂಟು. ಮಳೆಯೇ ಬಾರದ ವರ್ಷದಲ್ಲಿ ಹೊಂಡವೂ ಬರಿದು. ಬದುವಿಗೂ ಹೊಂಡಕ್ಕೂ ಸ್ವಲ್ಪ ನೆಲವನ್ನು ಬಿಟ್ಟುಕೊಡಬೇಕು. ಎರಡೆಕರೆಯವನಿಗೆ ಅದೇನೂ ಅಲ್ಪ ತ್ಯಾಗವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೀರು ಹೊಲದ ಗಡಿಕಲ್ಲುಗಳನ್ನು ಅರಿಯದು. ಮೇಲಿನ ಹೊಲದವನು ಬದು ಹಾಕದಿದ್ದರೆ ಅವನ ಹೊಲದ ನೀರು ಕೆಳಗಿನವನ ಬದುವನ್ನು ಒಡೆಯುತ್ತದೆ. ಆದುದರಿಂದ ಕೆಲಸವು ಇಳಿಜಾರಿನ ನೆತ್ತಿಯಿಂದಲೇ ಆರಂಭವಾಗಬೇಕು. ನೆರೆಹೊರೆಯವರು ಕೂಡಿ ಮಾಡಬೇಕು. ಹಣವಿಲ್ಲದ ರೈತನಿಗೆ ಬಿದಿರು, ದಾರ, ಕಲ್ಲು, ಗುದ್ದಲಿಗಳು ದೊರೆಯದ ವಸ್ತುಗಳಲ್ಲ. ಅವನಿಗೆ ಬೇಕಾದುದು ನೆರೆಯವನ ಒಪ್ಪಿಗೆ. ಅದು ದೊರೆತ ಊರಿನಲ್ಲಿ ಮಣ್ಣು ಹೊಲದಲ್ಲಿ ಉಳಿಯುತ್ತದೆ, ರೈತನೂ ಊರಿನಲ್ಲಿ ಉಳಿಯುತ್ತಾನೆ.