ಯಂತ್ರದ ಉತ್ತರದಲ್ಲಿ ಊರಿನ ಹೆಸರು

ಸರಕಿಗೆ ಒಂದು ಹೆಸರಿಟ್ಟು, ಕೊಳ್ಳುವವರು ಆ ಹೆಸರನ್ನೇ ಹೇಳಿ ಕೇಳುವಂತೆ ಮಾಡುವುದು ವ್ಯಾಪಾರದ ಹಳೆಯ ಪದ್ಧತಿ. ಅಂತಹ ಹೆಸರಿಗೆ ಬ್ರ್ಯಾಂಡ್ ಎನ್ನುತ್ತೇವೆ. ಮೊದಲು ಅದು ಅಂಗಡಿಯ ಫಲಕದಲ್ಲಿಯೂ ಪತ್ರಿಕೆಯ ಜಾಹೀರಾತಿನಲ್ಲಿಯೂ ಕಾಣುತ್ತಿತ್ತು. ಅನಂತರ ಅಂತರಜಾಲದ ಶೋಧಯಂತ್ರವು ಕೊಡುವ ಪಟ್ಟಿಯಲ್ಲಿ ಕಾಣತೊಡಗಿತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರವು ಕೇಳಿದ ಪ್ರಶ್ನೆಗೆ ಉತ್ತರವನ್ನೇ ರಚಿಸಿ ಮುಂದಿಡುತ್ತದೆ. ಗೂಗಲ್ ಶೋಧಯಂತ್ರವು ಭಾರತದಲ್ಲಿ ಇಂತಹ ಉತ್ತರಗಳನ್ನು 2024ರ ಆಗಸ್ಟಿನಿಂದ ಕೊಡುತ್ತಿದೆ. ಪಟ್ಟಿಯಲ್ಲಿ ಹತ್ತು ಹೆಸರುಗಳಿಗೆ ಸ್ಥಳವಿದ್ದರೆ ಉತ್ತರದಲ್ಲಿ ಎರಡು ಮೂರಕ್ಕೆ ಮಾತ್ರ ಸ್ಥಳ. ಹೀಗಿರಲಾಗಿ, ಸಣ್ಣ ಊರಿನ ಸರಕಿನ ಹೆಸರು ಅಲ್ಲಿಗೆ ಹೇಗೆ ಬಂದೀತು ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಉತ್ತರವು ಸಿದ್ಧವಾಗುವ ಬಗೆ

ಈ ಯಂತ್ರಕ್ಕೆ ತಿಳಿವಳಿಕೆ ಎರಡು ಕಡೆಗಳಿಂದ ಬರುತ್ತದೆ. ಅಪಾರವಾದ ಬರಹದಿಂದ ಮೊದಲೇ ಪಡೆದ ಶಿಕ್ಷಣ ಒಂದು. ಅಲ್ಲಿ ಮತ್ತೆ ಮತ್ತೆ ಬಂದ ಹೆಸರು ಗಾಢವಾಗಿ ಉಳಿಯುತ್ತದೆ; ಅಪರೂಪದ ಹೆಸರು ಮಸುಕಾಗುತ್ತದೆ. ಪ್ರಶ್ನೆ ಬಂದೊಡನೆ ಅಂತರಜಾಲದ ಪುಟಗಳಿಂದ ಆಯ್ದು ತರುವ ವಾಕ್ಯವೃಂದಗಳು ಎರಡನೆಯದು.

ಈ ಆಯ್ಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಸದಿಶವೇ ಕೆಲಸಮಾಡುತ್ತದೆ. ಪ್ರಶ್ನೆಯನ್ನೂ ಪ್ರತಿಯೊಂದು ವಾಕ್ಯವೃಂದವನ್ನೂ ಯಂತ್ರವು ಸಂಖ್ಯೆಗಳ ಸಾಲಾಗಿ, ಅಂದರೆ ಸದಿಶವಾಗಿ, ಮಾರ್ಪಡಿಸುತ್ತದೆ. ಎರಡು ಸದಿಶಗಳ ನಡುವಿನ ಕೋನ ಕಿರಿದಾದಷ್ಟೂ ಅರ್ಥ ಹತ್ತಿರವೆಂದು ಎಣಿಕೆ. ನಿಜವಾದ ಸದಿಶಕ್ಕೆ ನೂರಾರು ಘಟಕಗಳಿರುತ್ತವೆ. ನಾವು ಎರಡನ್ನು ಮಾತ್ರ ಇಟ್ಟುಕೊಳ್ಳೋಣ. ಮೊದಲನೆಯದು ‘ಎಣ್ಣೆ’, ಎರಡನೆಯದು ‘ಸ್ಥಳ’. “ಕಡೂರು ಸೀಮೆಯ ಒಳ್ಳೆಯ ಕೊಬ್ಬರಿ ಎಣ್ಣೆ ಯಾವುದು?” ಎಂಬ ಪ್ರಶ್ನೆ (3, 4) ಆಗಿರಲಿ. ಎಣ್ಣೆಯನ್ನೂ ಊರನ್ನೂ ವಿವರಿಸುವ ಬರಹ (4, 3) ಆದರೆ ಕೋನದ ಕೊಸೈನ್ 24/25, ಅಂದರೆ 0.96. ಎಣ್ಣೆಯನ್ನು ಬರಿದೆ ಹೊಗಳಿ ಊರನ್ನು ಹೇಳದ ಬರಹ (5, 0) ಆದರೆ ಕೊಸೈನ್ 15/25, ಅಂದರೆ 0.6 ಮಾತ್ರ. ಹೊಗಳಿಕೆ ಎಷ್ಟೇ ಹೆಚ್ಚಾದರೂ, (50, 0) ಆದರೂ, ಕೋನ ಬದಲಾಗದು!

ಕಾಫಿಯೂ ತೆಂಗೂ

ಚಿಕ್ಕಮಗಳೂರು ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. ಇಲ್ಲಿನ ಕಾಫಿಯ ವಿಷಯದಲ್ಲಿ ಬೇಕಾದಷ್ಟು ಬರಹವಿದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನೆಯ ಕೇಂದ್ರ ಆರಂಭವಾಯಿತು. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಎಂಬ ಎರಡು ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೆಳೆಗಾರರಲ್ಲದೆ ಸರ್ಕಾರ, ವಿಜ್ಞಾನಿಗಳು, ಪ್ರವಾಸಿಗಳು ಎಲ್ಲರೂ ಆ ಹೆಸರುಗಳಿಗೆ ಸಾಕ್ಷಿಗಳು. ಭಾರತದ ಕಾಫಿಯ ಮಾತು ಬಂದಾಗ ಯಂತ್ರವು ಈ ಹೆಸರುಗಳನ್ನು ಹೇಳಿದರೆ ಆಶ್ಚರ್ಯವೇನಿಲ್ಲ.

ಅದೇ ಜಿಲ್ಲೆಯ ಬಯಲುಸೀಮೆಯಲ್ಲಿ, ಕಡೂರು ತಾಲ್ಲೂಕಿನಲ್ಲಿ, ಯಗಟಿ ಎಂಬ ಹೋಬಳಿಯಿದೆ. ಈ ತಾಲ್ಲೂಕಿನಲ್ಲಿ ತೆಂಗು ಮುಖ್ಯವಾದ ಬೆಳೆಗಳಲ್ಲೊಂದು. ಆದರೆ ಕೊಬ್ಬರಿಯೆಂದೊಡನೆ ಜನ ನೆನೆಯುವುದು ತಿಪಟೂರಿನ ಮಾರುಕಟ್ಟೆಯನ್ನು. ಯಗಟಿಯ ಕೆಲವು ತರುಣರು ಕೂಡಿ, ಮರದ ಗಾಣದಲ್ಲಿ ತೆಗೆದ ಎಣ್ಣೆಗೆ ಊರಿನ ಹೆಸರಿಟ್ಟು ಮಾರಹೊರಟರೆಂದು ಭಾವಿಸೋಣ. ಅವರು ಮಾಡತಕ್ಕುದೇನು?

ಮೊದಲನೆಯದಾಗಿ, ಹೆಸರಿನ ಕಾಗುಣಿತ ಎಲ್ಲೆಡೆ ಒಂದೇ ಇರಬೇಕು. ಇಂಗ್ಲಿಷಿನಲ್ಲಿ ಚಿಕ್ಕಮಗಳೂರಿನ ಕಾಗುಣಿತ 2014ರ ನವೆಂಬರಿನಲ್ಲಿ ಬದಲಾಯಿತು. ಆದರೂ ಹಳೆಯ ರೂಪ ಬಳಕೆಯಿಂದ ಹೋಗಿಲ್ಲ. ಪ್ರಸಿದ್ಧವಾದ ಊರಾದುದರಿಂದ ಎರಡು ರೂಪಗಳೂ ಒಂದೇ ಊರೆಂದು ಯಂತ್ರಕ್ಕೆ ತಿಳಿದೀತು. ಯಗಟಿಯಂತಹ ಚಿಕ್ಕ ಊರನ್ನು ಮೂರು ಬಗೆಯಾಗಿ ಬರೆದರೆ, ಇರುವ ಅಲ್ಪ ಸಾಕ್ಷ್ಯವೂ ಮೂರು ಪಾಲಾಗುತ್ತದೆ.

ಎರಡನೆಯದಾಗಿ, ಹೇಳುವುದನ್ನು ಅಳತೆಯೊಡನೆ ಹೇಳಬೇಕು. ‘ಅತ್ಯುತ್ತಮ’ ಎಂಬ ಮಾತಿಗಿಂತ ಎಷ್ಟು ಕೊಬ್ಬರಿಗೆ ಎಷ್ಟು ಎಣ್ಣೆ ಬಂತು, ತೇವಾಂಶವೆಷ್ಟು, ಪರೀಕ್ಷೆ ಎಲ್ಲಿ ನಡೆಯಿತು ಎಂಬುದು ಮೇಲು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದೆಹಲಿಯ ಐ.ಐ.ಟಿ. ಮೊದಲಾದ ಕಡೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದನ್ನು ಸಮರ್ಥಿಸುತ್ತದೆ. ಅಂಕಿ ಅಂಶ, ಬಲ್ಲವರ ಮಾತು, ಆಧಾರಗಳ ಉಲ್ಲೇಖ ಇವುಗಳನ್ನು ಸೇರಿಸಿದ ಬರಹ ಉತ್ತರದಲ್ಲಿ ಕಾಣಿಸಿಕೊಳ್ಳುವ ಪ್ರಮಾಣ ಶೇಕಡ 40ರವರೆಗೂ ಹೆಚ್ಚಬಲ್ಲದೆಂದು ಅವರು ಕಂಡರು. ಒಂದೇ ಪದವನ್ನು ತುಂಬಿ ತುಂಬಿ ಬರೆದುದರಿಂದ ಪ್ರಯೋಜನ ಕಾಣಲಿಲ್ಲ.

ಮೂರನೆಯದಾಗಿ, ಬೇರೆಯವರ ಸಾಕ್ಷ್ಯ ಬೇಕು. ಕೃಷಿ ಇಲಾಖೆಯ ವರದಿ, ಪತ್ರಿಕೆಯ ಲೇಖನ, ಕೊಂಡವರ ನಿಜವಾದ ಅಭಿಪ್ರಾಯ ಇವು ಮಾರುವವನ ಮಾತಿಗೆ ಬಲ ಕೊಡುತ್ತವೆ. ಸುಳ್ಳು ಹೊಗಳಿಕೆಯನ್ನು ಬರೆಯಿಸಿದರೆ ಯಂತ್ರ ಕೆಲವು ಕಾಲ ಮೋಸಹೋಗಬಹುದು. ಎಣ್ಣೆಯನ್ನು ಕೊಂಡವನು ಮೋಸಹೋಗುವುದು ಒಂದೇ ಸಲ.

ಫಲವನ್ನು ಅಳೆಯುವುದು

ಒಂದೇ ಪ್ರಶ್ನೆಗೆ ಈ ಯಂತ್ರ ಪ್ರತಿಸಲವೂ ಒಂದೇ ಉತ್ತರ ಕೊಡುವುದಿಲ್ಲ. ಆದುದರಿಂದ ಪ್ರಯೋಗಶಾಲೆಯಲ್ಲಿ ಮಾಡುವಂತೆ ಹಲವು ಸಲ ಓದಿಕೆ ತೆಗೆದುಕೊಳ್ಳಬೇಕು. 20 ಸಲ ಕೇಳಿದಾಗ 6 ಸಲ ಹೆಸರು ಬಂದರೆ ಪ್ರಮಾಣ 0.3. ಇದರ ಅನಿಶ್ಚಿತತೆ 0.3 × 0.7 ÷ 20 ಎಂಬುದರ ವರ್ಗಮೂಲ, ಸುಮಾರು 0.1. ಮುಂದಿನ ತಿಂಗಳು 8 ಸಲ ಬಂದು ಪ್ರಮಾಣ 0.4 ಆಯಿತೆಂದು ಹಿಗ್ಗಬೇಕಾಗಿಲ್ಲ. ಅದು ಕೇವಲ ಆಕಸ್ಮಿಕವಿರಬಹುದು. ಉತ್ತರದಲ್ಲಿ ಹೆಸರನ್ನು ಖಂಡಿತವಾಗಿ ಬರಿಸುತ್ತೇವೆಂದು ಹಣ ಕೇಳುವವರನ್ನು ಈ ಲೆಕ್ಕದಿಂದಲೇ ಪರೀಕ್ಷಿಸಬಹುದು.

ವಿಕಿಪೀಡಿಯದ ಇಂಗ್ಲಿಷ್ ಆವೃತ್ತಿಯಲ್ಲಿ 60 ಲಕ್ಷಕ್ಕೂ ಮಿಕ್ಕಿ ಲೇಖನಗಳಿದ್ದರೆ, 2003ರಲ್ಲಿ ಆರಂಭವಾದ ಕನ್ನಡದ ಆವೃತ್ತಿಯಲ್ಲಿ ಇರುವುದು 30 ಸಾವಿರಕ್ಕೆ ಸ್ವಲ್ಪ ಮೇಲೆ. ಬರೆಯದೆ ಉಳಿದ ಊರನ್ನು ಯಂತ್ರವು ತಾನಾಗಿ ಕಂಡುಹಿಡಿಯಲಾರದು. ವಿದ್ಯಾರ್ಥಿಗಳು ತಮ್ಮ ಊರಿನ ಬೆಳೆ, ಮಣ್ಣು, ಮಳೆ, ಕಸಬುಗಳನ್ನು ಅಳೆದು, ಆಧಾರಸಹಿತವಾಗಿ ಕನ್ನಡದಲ್ಲಿ ಬರೆದಿಡುವುದಾದರೆ, ಊರಿನ ವ್ಯಾಪಾರಕ್ಕೂ ಕನ್ನಡದ ವಿಜ್ಞಾನ ಸಾಹಿತ್ಯಕ್ಕೂ ಏಕಕಾಲದಲ್ಲಿ ಉಪಕಾರವಾದೀತು.