ಪೇಟೆಯೊಳಗೊಂದು ಮನೆ: ಸ್ಥಳಾಂತರದ ಆಯವ್ಯಯ

ಕೆಂಪೇಗೌಡರು 1537ರಲ್ಲಿ ನೆಲೆಗೊಳಿಸಿದರೆಂದು ಪ್ರತೀತಿಯಿರುವ ಬೆಂಗಳೂರಿನ ಹಳೆಯ ಪೇಟೆಯು, ಅಂದರೆ ಚಿಕ್ಕಪೇಟೆ, ಬಳೇಪೇಟೆ, ಮಾಮೂಲ್‌ಪೇಟೆ, ಸುಲ್ತಾನ್‌ಪೇಟೆ, ತರಗುಪೇಟೆ, ನಗರ್ತಪೇಟೆಗಳೆಂದು ಬೇರೆ ಬೇರೆ ಹೆಸರುಗಳಿಂದ ಕರೆಸಿಕೊಳ್ಳುತ್ತ ಒಂದಕ್ಕೊಂದು ಆತುಕೊಂಡಿರುವ ಆ ಬೀದಿಗಳ ಸಮೂಹವು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದಾದಷ್ಟು ಅಡಕವಾದ ಪ್ರದೇಶವಾದುದರಿಂದ, ಅಲ್ಲಿಗೆ ಸಂಸಾರ ಸಾಗಿಸುವುದು ಅಲ್ಪವ್ಯಯದ ಕಾರ್ಯವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಬನಶಂಕರಿ ಮೂರನೆಯ ಹಂತದ ಬಾಡಿಗೆ ಮನೆಯನ್ನು ಬಿಟ್ಟು ಬಳೇಪೇಟೆಯ ಅಡ್ಡಗಲ್ಲಿಯೊಂದರ ಎರಡನೆಯ ಅಂತಸ್ತಿಗೆ ನಾವು ಬಂದ ಅನುಭವದಿಂದ ಹೇಳುವುದಾದರೆ, ಇಂಥ ಎಡೆಯಲ್ಲಿ ಸ್ಥಳಾಂತರದ ವೆಚ್ಚವನ್ನು ದೂರದಿಂದ ಅಳೆಯತಕ್ಕುದಲ್ಲ. ನಮ್ಮ ಹಣ ಇನ್ನೊಬ್ಬರ ಕೈಯಲ್ಲಿ ಎಷ್ಟು ಕಾಲ ನಿಲ್ಲುವುದೆಂಬುದರಿಂದಲೂ, ಕೊನೆಯ ಗಲ್ಲಿ ಎಷ್ಟು ಅಗಲವಿದೆಯೆಂಬುದರಿಂದಲೂ ಅಳೆಯಬೇಕು.

ಮೊದಲು ಅಡ್ವಾನ್ಸಿನ ವಿಚಾರ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡಬೇಕೆಂಬ ಪದ್ಧತಿ ಬೆಂಗಳೂರಿನಲ್ಲಿ ಎಷ್ಟು ರೂಢಮೂಲವಾಗಿದೆಯೆಂದರೆ, ಅದನ್ನು ವೆಚ್ಚವೆಂದು ಪರಿಗಣಿಸುವವರೇ ವಿರಳ. ಬಿಡುವಾಗ ಹಿಂದಕ್ಕೆ ಬರುವ ಹಣವಲ್ಲವೇ ಎಂಬುದು ಎಲ್ಲರ ಸಮಾಧಾನ. ನಮ್ಮ ಹೊಸ ಮನೆಯ ಬಾಡಿಗೆ 16,000 ರೂಪಾಯಿ, ಅಡ್ವಾನ್ಸು 1,60,000. ಇಷ್ಟು ಹಣ ಬ್ಯಾಂಕಿನ ಠೇವಣಿಯಲ್ಲಿ ಶೇಕಡಾ 7ರಂತೆ ಬೆಳೆಯುತ್ತಿದ್ದರೆ ವರ್ಷಕ್ಕೆ 11,200 ರೂಪಾಯಿ ಬಡ್ಡಿ ಬರುತ್ತಿದ್ದಿತು. ಅದು ಬಾರದಿರುವುದು ತಿಂಗಳಿಗೆ 933 ರೂಪಾಯಿಯ ನಷ್ಟ. ಇದರ ಜೊತೆಗೆ, ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ಕರಾರೂ ಉಂಟು. ಎರಡು ವರ್ಷ ವಾಸಮಾಡುವೆವೆಂದು ಭಾವಿಸಿದರೆ ಅದು ತಿಂಗಳಿಗೆ 667 ರೂಪಾಯಿಯಾಗುತ್ತದೆ. ಹಾಗಾಗಿ ಕರಾರು ಪತ್ರದಲ್ಲಿ 16,000 ಎಂದು ಬರೆದಿರುವ ಬಾಡಿಗೆಯು ವಾಸ್ತವದಲ್ಲಿ 17,600. ಎರಡು ಮನೆಗಳನ್ನು ಹೋಲಿಸುವವರು ಈ ಎರಡನೆಯ ಅಂಕಿಗಳನ್ನೇ ಹೋಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೇಂದ್ರ ಸರ್ಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಕೂಡದೆಂದು ಹೇಳಿದೆ. ಆ ಮಿತಿ ನಮ್ಮ ಬೀದಿಗಳ ರೂಢಿಗೆ ಇಳಿದುಬಂದಲ್ಲಿ, ಅಲ್ಪ ಸಂಬಳದಲ್ಲಿ ಸಂಸಾರ ತೂಗಿಸುತ್ತಿರುವ ಸಹಸ್ರಾರು ಕುಟುಂಬಗಳಿಗೆ ಆಗುವ ಉಪಕಾರ ಸಾಮಾನ್ಯವಾದುದಲ್ಲ.

ಪೇಟೆಯಲ್ಲಿ ಮನೆ ಹುಡುಕುವಾಗ ಭೋಗ್ಯದ ಆಹ್ವಾನವೂ ಬಾರದಿರುವುದಿಲ್ಲ. ನಮಗೂ ಬಂದಿತ್ತು: 9 ಲಕ್ಷ ರೂಪಾಯಿ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು, ಅವಧಿ ಮುಗಿದಾಗ ಅಸಲು ವಾಪಸು. ಅದೇ ಶೇಕಡಾ 7ರ ಲೆಕ್ಕದಲ್ಲಿ ಇದು ತಿಂಗಳಿಗೆ 5,250 ರೂಪಾಯಿ ಮಾತ್ರವಾದುದರಿಂದ ಮನಸ್ಸು ಅತ್ತ ವಾಲಿದುದು ನಿಜ. ಆದರೆ ಬಾಡಿಗೆ ತರಬಲ್ಲ ಮನೆಯನ್ನು ಇಷ್ಟು ಅಗ್ಗಕ್ಕೆ ಒಬ್ಬರು ಬಿಟ್ಟುಕೊಡುವರೆಂದರೆ ಅವರಿಗೆ ಒಟ್ಟು ಹಣದ ಅಗತ್ಯ ತೀವ್ರವಾಗಿದೆಯೆಂದೇ ಅರ್ಥ. ಅಂಥವರಿಗೆ ಅವಧಿಯ ಕೊನೆಯಲ್ಲಿ 9 ಲಕ್ಷ ಹಿಂದಿರುಗಿಸುವ ಶಕ್ತಿ ಎಲ್ಲಿಂದ ಬರುವುದೆಂಬುದನ್ನು ಕೊಡುವವನು ಯೋಚಿಸಬೇಕು. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿನ ಹಕ್ಕು ಮುಂದೆ, ನಮ್ಮದು ಹಿಂದೆ. ಋಣಭಾರ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಿಂದ ತೆಗೆಸಿ ನೋಡದೆ, ಮನೆಯ ಮೂಲಪತ್ರವನ್ನು ಕಣ್ಣಾರೆ ಕಾಣದೆ, ಕರಾರನ್ನು ನೋಂದಾಯಿಸದೆ ಭೋಗ್ಯಕ್ಕೆ ಹಣ ಕೊಡಬಾರದು. ಬರಿಯ ಛಾಪಾ ಕಾಗದದಲ್ಲಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಸಾಕೆಂಬ ನಂಬಿಕೆಯಿಂದ ಜೀವಮಾನದ ಉಳಿತಾಯವನ್ನು ಕಳೆದುಕೊಂಡವರ ವ್ಯಥೆಯನ್ನು ನಾನು ಸಮೀಪದಿಂದ ಬಲ್ಲೆ. ನೋಂದಣಿಯ ಮಾತೆತ್ತಿದೊಡನೆ ಆ ಮನೆಯವರು ಮೌನವಾದರು. ನಾವು ಬೇರೆ ಮನೆ ನೋಡಿದೆವು.

ಇನ್ನು ಎರಡು ಅಡ್ವಾನ್ಸುಗಳ ನಡುವಣ ಅಂತರ. ಹೊಸ ಮನೆಗೆ 1,60,000 ಕೊಡದೆ ಬೀಗದ ಕೈ ಸಿಕ್ಕುವುದಿಲ್ಲ. ಹಳೆಯ ಮನೆಯ 1,40,000ದಲ್ಲಿ ಬಣ್ಣದ 14,000 ಮುರಿದು ಉಳಿಯುವ 1,26,000 ರೂಪಾಯಿ, ಮನೆ ಖಾಲಿ ಮಾಡಿ, ಮಾಲೀಕರು ಬಂದು ನಲ್ಲಿ ಕಿಟಕಿಗಳನ್ನೆಲ್ಲ ನೋಡಿ, ಅನೇಕ ವೇಳೆ ಮುಂದಿನ ಬಾಡಿಗೆದಾರನಿಂದ ಅಡ್ವಾನ್ಸು ಪಡೆದ ಮೇಲಲ್ಲದೆ ಕೈಗೆ ಬರುವುದಿಲ್ಲ. ಈ ನಡುವಣ ಒಂದು ತಿಂಗಳು ಮಧ್ಯಮವರ್ಗದ ಸಂಸಾರವನ್ನು ಸಾಲದ ಬಾಗಿಲಿಗೆ ಕೊಂಡೊಯ್ಯುವ ಕಾಲ. ಕೈಸಾಲವೆಂದು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ 1,26,000ಕ್ಕೆ ಆ ತಿಂಗಳ ಬಡ್ಡಿಯೇ 3,780 ರೂಪಾಯಿ. ನಮ್ಮಲ್ಲಿ ಒಂದು ಅವಧಿ ಠೇವಣಿ ಇದ್ದಿತು. ಅದನ್ನು ಮುರಿಯದೆ ಅದರ ಆಧಾರದ ಮೇಲೆ ಬ್ಯಾಂಕಿನಿಂದ ಶೇಕಡಾ 8.5ರ ದರದಲ್ಲಿ ಸಾಲ ಪಡೆದೆವು. ತಿಂಗಳ ಬಡ್ಡಿ ಸುಮಾರು 900 ರೂಪಾಯಿಯಾಯಿತು, ಠೇವಣಿಯೂ ಅಖಂಡವಾಗಿ ಉಳಿಯಿತು. ಠೇವಣಿ ಇಲ್ಲದವರು ಹಳೆಯ ಮನೆಯ ಮಾಲೀಕರಿಗೆ ಕರಾರಿನಂತೆ ಎರಡು ತಿಂಗಳು ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಿ, ಅಡ್ವಾನ್ಸನ್ನು ಯಾವ ದಿನ ಕೊಡುವಿರೆಂದು ಅದೇ ಕಾಗದದಲ್ಲಿ ಬರೆಯಿಸಿಕೊಳ್ಳುವುದು ಹಿತ. ಬಾಯಿಮಾತಿನ ಭರವಸೆಯ ಮೇಲೆ ಹೊಸ ಮನೆಯ ದಿನವನ್ನು ನಿಶ್ಚಯಿಸುವುದು ತರವಲ್ಲ.

ದಿನದ ವಿಚಾರವೂ ಹಣದ ವಿಚಾರವೇ. ಶಾಲೆಗಳು ತೆರೆಯುವ ಮುನ್ನ ಏಪ್ರಿಲ್ ಮೇ ತಿಂಗಳುಗಳಲ್ಲಿ ಊರಿಗೆ ಊರೇ ಮನೆ ಬದಲಾಯಿಸುವುದರಿಂದ ಗಾಡಿಯವರ ದರ ಏರುತ್ತದೆ; ಆಷಾಢದಲ್ಲಿ ಯಾರೂ ಹೊಸ ಮನೆಗೆ ಹೋಗದಿರುವುದರಿಂದ ಅದೇ ಗಾಡಿಯವರು ಕೆಲಸಕ್ಕಾಗಿ ಕಾಯುತ್ತಾರೆ. ಆಷಾಢದಲ್ಲಿಯೇ ಸಾಗಿಸಿಬಿಡೋಣವೆಂದು ನಾನು ಪ್ರಸ್ತಾಪಿಸಿದಾಗ, "ಆಷಾಢದಲ್ಲಿ ಹೊಸ ಮನೇಲಿ ಒಲೆ ಹಚ್ಚಬಾರದು ಕಣಪ್ಪ, ಹಿಂದಿನವರು ಸುಮ್ಮನೆ ಹೇಳಿಲ್ಲ" ಎಂದರು ನಮ್ಮ ತಾಯಿ. "ಹಾಲು ಜ್ಯೇಷ್ಠದಲ್ಲೇ ಉಕ್ಕಿಸಿಬಿಡೋಣಮ್ಮ, ಸಾಮಾನು ಆಮೇಲೆ ಹೋಗಲಿ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಸರಿ, ದೇವರ ಪಟ, ಒಂದು ಬಿಂದಿಗೆ ನೀರು, ಅಕ್ಕಿ ಬೇಳೆ ಅವತ್ತೇ ಇಟ್ಟುಬಿಟ್ಟು ಬನ್ನಿ" ಎಂದು ಒಪ್ಪಿದರು. ಹಿರಿಯರ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳಲು ಅರ್ಧ ತಿಂಗಳು ಎರಡೂ ಮನೆಗೆ ಬಾಡಿಗೆ ತೆರಬೇಕಾಯಿತು. ಅದರ 8,000 ರೂಪಾಯಿಯನ್ನು ಗಾಡಿಯ ಅಗ್ಗದ ದರ ಪೂರ್ತಿಯಾಗಿ ತುಂಬಿಕೊಡಲಿಲ್ಲ. ಆದರೂ ಆ ಹಣ ವ್ಯರ್ಥವಾಯಿತೆಂದು ನನಗನ್ನಿಸುವುದಿಲ್ಲ: ಮನೆ ಖಾಲಿಯಿದ್ದ ಆ ದಿನಗಳಲ್ಲಿಯೇ ಬಡಗಿಯೂ ವಿದ್ಯುತ್ತಿನ ಕೆಲಸದವನೂ ಬಂದು ತಮ್ಮ ಕೆಲಸ ನಿರಾತಂಕವಾಗಿ ಮುಗಿಸಿದರು. ಪೇಟೆಗೆ ಬರುವವರು ಪಂಚಾಂಗದಲ್ಲಿ ಇನ್ನೊಂದು ದಿನವನ್ನೂ ನೋಡಿಕೊಳ್ಳಬೇಕು. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವು ಬೆಳಗಿನವರೆಗೂ ಈ ಬೀದಿಗಳಲ್ಲಿಯೇ ಸಂಚರಿಸುವುದರಿಂದ, ಅದರ ಆಸುಪಾಸಿನ ದಿನಗಳಲ್ಲಿ ಸಾಮಾನಿನ ಗಾಡಿಯನ್ನು ಒಳಗೆ ತರುವ ಮಾತೇ ಇಲ್ಲ.

ಗಾಡಿ ಗೊತ್ತುಮಾಡಲು ಹೋದಾಗ ನಾನು ಬನಶಂಕರಿಯಿಂದ ಬಳೇಪೇಟೆಗೆ ಇರುವ ದೂರವನ್ನು ಹೇಳತೊಡಗಿದೆ, ಮೇಸ್ತ್ರಿ ನನ್ನನ್ನು ತಡೆದು, "ಕಿಲೋಮೀಟರ್ ಲೆಕ್ಕ ಬಿಡಿ ಸಾರ್. ಗಾಡಿ ಗಲ್ಲಿ ಬಾಯಲ್ಲೇ ನಿಂತುಬಿಡುತ್ತೆ, ಅಲ್ಲಿಂದ ಎಲ್ಲಾ ತಲೆಹೊರೆ. ಬೀರು ಮೆಟ್ಟಿಲಲ್ಲಿ ತಿರುಗುತ್ತಾ ನೋಡಿದ್ದೀರಾ?" ಎಂದು ಕೇಳಿದರು. ಸ್ಥಳಾಂತರದ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಂದೇ ಟೇಪು ಹಿಡಿದು ಹೋಗಿ ಅಳೆದೆವು: ಮೆಟ್ಟಿಲಿನ ಅಗಲ ಎರಡೂವರೆ ಅಡಿ, ನಮ್ಮ ಉಕ್ಕಿನ ಬೀರು ಆರೂವರೆ ಅಡಿ ಎತ್ತರ, ಮೂರಡಿ ಅಗಲ. ಅಡ್ಡಲಾಗಿ ಹಿಡಿದು ಮೊದಲ ಸಾಲು ಮೆಟ್ಟಿಲನ್ನು ಏರಿಸಬಹುದಾಗಿದ್ದಿತು. ಆದರೆ ತಿರುವಿನಲ್ಲಿ ಮೇಲಿನ ಮೆಟ್ಟಿಲ ತಳವು ತಗ್ಗಾಗಿ ಬಂದುದರಿಂದ ಅದನ್ನು ನಿಲ್ಲಿಸಿ ತಿರುಗಿಸಲು ಎಡೆಯಿರಲಿಲ್ಲ. ಹಗ್ಗ ಕಟ್ಟಿ ಬೀದಿಯ ಕಡೆಯಿಂದ ಮೇಲೆತ್ತಲು ಪ್ರತ್ಯೇಕ ಕೂಲಿ ಕೇಳಿದರು. ಕೆಳಗಡೆ ಅಂಗಡಿಗಳು, ಮೇಲೆ ಹೆಣೆದುಕೊಂಡ ತಂತಿಗಳು. ಬೇಡವೆಂದು ತೀರ್ಮಾನಿಸಿ ಬೀರುವನ್ನು ತಂಗಿಯ ಮನೆಗೆ ಕಳುಹಿಸಿದೆವು. ಹಳೆಯ ಕಾಲದ ಮನೆಯಾದುದರಿಂದ ಗೋಡೆಯ ದಪ್ಪದಲ್ಲಿಯೇ ಗೂಡುಗಳಿದ್ದುವು. ಬಡಗಿ ಅವಕ್ಕೆ ಬಾಗಿಲು ಕೂಡಿಸಿಕೊಟ್ಟ. ಪ್ರತಿಯೊಂದು ದೊಡ್ಡ ಸಾಮಾನಿನ ವಿಷಯದಲ್ಲಿಯೂ, ಅದನ್ನು ಬಿಚ್ಚಿ, ಹೊತ್ತು, ಮತ್ತೆ ಜೋಡಿಸುವ ಕೂಲಿಯನ್ನು ಅದರ ಈಗಿನ ಬೆಲೆಯೊಡನೆ ತೂಗಿ ನೋಡಿದ ಮೇಲೆ, ಹಳೆಯ ಮಂಚವೊಂದು ಗುಜರಿಗೆ ಹೋಯಿತು. ತಾಯಿಯವರ ಒರಳುಕಲ್ಲು ಮಾತ್ರ ಲೆಕ್ಕಕ್ಕೆ ಒಳಪಡದೆ ನಮ್ಮೊಡನೆ ಬಂದಿತು.

ಭಾರಿ ವಾಹನಗಳಿಗೆ ಹಗಲು ಪ್ರವೇಶಕ್ಕೆ ನಿರ್ಬಂಧವಿರುವುದರಿಂದ ದೊಡ್ಡ ಲಾರಿಗಿಂತ ಟಾಟಾ ಏಸ್ ಗಾಡಿ ಮೇಲು. ಅಂಗಡಿಗಳ ಬಾಗಿಲು ಮುಚ್ಚಿರುವ ಭಾನುವಾರದ ನಸುಕು ಎಲ್ಲಕ್ಕಿಂತ ಮೇಲು. ಇಳಿಸುವ ಹಮಾಲಿ, ಅಂತಸ್ತಿನ ಹೆಚ್ಚುವರಿ ಕೂಲಿ, ತೆರಿಗೆ ಇವೆಲ್ಲ ಹೇಳಿದ ಮೊತ್ತದಲ್ಲಿ ಸೇರಿವೆಯೇ ಇಲ್ಲವೇ ಎಂಬುದನ್ನು ಮೊದಲೇ ಬರೆಯಿಸಿಕೊಳ್ಳಬೇಕು. ನಮಗೆ ಗಾಡಿಗೂ ಹಮಾಲಿಗೂ ಸೇರಿ 9,000, ಬಡಗಿ ಮತ್ತು ವಿದ್ಯುತ್ತಿನ ಕೆಲಸಕ್ಕೆ 2,500, ಹಾಲುಕ್ಕಿಸಿದ ದಿನದ ಪೂಜೆ ಊಟಕ್ಕೆ 1,500, ಪೇಟೆಯ ಅಂಗಡಿಗಳಲ್ಲಿಯೇ ಕೊಂಡ ರಟ್ಟಿನ ಪೆಟ್ಟಿಗೆ, ಹುರಿಗಳಿಗೆ 800 ರೂಪಾಯಿಯಾಯಿತು. ಪರಿಚಿತರೊಬ್ಬರ ಮೂಲಕ ಮನೆ ದೊರೆತುದರಿಂದ ದಲ್ಲಾಳಿಯ ಒಂದು ತಿಂಗಳ ಬಾಡಿಗೆ ಉಳಿಯಿತು. ಜೋಡಿ ಬಾಡಿಗೆಯ 8,000ವನ್ನೂ ಬ್ಯಾಂಕಿನ ಬಡ್ಡಿಯನ್ನೂ ಕೂಡಿಸಿದರೆ ಒಟ್ಟು 22,700.

ಪೇಟೆಯ ಹಳೆಯ ಮನೆಗಳಲ್ಲಿ ವಿದ್ಯುತ್ ಮೀಟರಿನ ವಿಷಯವನ್ನು ಅಡ್ವಾನ್ಸು ಕೊಡುವ ಮೊದಲೇ ಕೇಳತಕ್ಕದ್ದು. ಮೂರು ನಾಲ್ಕು ಸಂಸಾರಗಳಿಗೆ ಒಂದೇ ಮೀಟರು ಇಟ್ಟು ಮಾಲೀಕರು ಹಂಚಿ ವಸೂಲು ಮಾಡುವ ಮನೆಗಳು ಇಲ್ಲಿ ಅಪರೂಪವಲ್ಲ. ಪ್ರತ್ಯೇಕ ಆರ್.ಆರ್. ಸಂಖ್ಯೆಯಿಲ್ಲದಿದ್ದರೆ, 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಪ್ರಯೋಜನ ಆ ಸಂಸಾರಕ್ಕೆ ಪ್ರತ್ಯೇಕವಾಗಿ ಒದಗುವುದಿಲ್ಲ. ಅದು ತಿಂಗಳ ಲೆಕ್ಕದಲ್ಲಿ ಬಾಡಿಗೆ ಏರಿದುದಕ್ಕೆ ಸಮಾನ. ಪ್ರತ್ಯೇಕ ಮೀಟರಿದ್ದಲ್ಲಿ, ಹಳೆಯ ಮನೆಯ ಸಂಖ್ಯೆಯೊಡನೆ ಜೋಡಿಸಿದ ಆಧಾರನ್ನು ಬಿಡಿಸಿ ಹೊಸ ಸಂಖ್ಯೆಗೆ ಜೋಡಿಸುವ ಕೆಲಸವನ್ನು ಸಾಮಾನು ಸಾಗಿಸುವ ವಾರದಲ್ಲಿಯೇ ಮಾಡಬೇಕು. ನೀರಿನ ಬಿಲ್ಲು ಹೇಗೆ ಹಂಚಿಕೆಯಾಗುವುದೆಂಬುದನ್ನೂ ಕರಾರಿನಲ್ಲಿ ಸೇರಿಸುವುದು ಲೇಸು. ವರ್ಷದ ಬಾಡಿಗೆ 1 ಲಕ್ಷ ಮೀರಿದರೆ, ಮನೆಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವ ಸಂಬಳದಾರನು ಮಾಲೀಕರ ಪ್ಯಾನ್ ಸಂಖ್ಯೆಯನ್ನು ಒದಗಿಸಬೇಕಾಗುವುದರಿಂದ ಅದನ್ನೂ ಆಗಲೇ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಮಾಡಿ ಲಾಭವೇನಾಯಿತೆಂದರೆ, ಹಳೆಯ ಮನೆಯ ಬಾಡಿಗೆ 14,000, ಅಡ್ವಾನ್ಸಿನ ಬಡ್ಡಿ ಸೇರಿ 14,817. ಅದರ ಬಣ್ಣದ ಹಣ ಎಂದು ಬಿಟ್ಟರೂ ತೆರಬೇಕಾದುದೇ ಆದುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ. ಹೊಸ ಮನೆ ತಿಂಗಳಿಗೆ 2,783 ರೂಪಾಯಿ ಹೆಚ್ಚು. ಆದರೆ ನನ್ನ ಕೆಲಸ ಅವೆನ್ಯೂ ರಸ್ತೆಯ ಸಮೀಪದಲ್ಲಿದೆ, ನಮ್ಮ ಮನೆಯವರು ಕೋಟೆಯ ಬಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಇಬ್ಬರೂ ಈಗ ನಡೆದೇ ಹೋಗುತ್ತೇವೆ. ನನ್ನ ಸ್ಕೂಟರಿನ ಪೆಟ್ರೋಲು, ಪೇಟೆಯಲ್ಲಿ ಅದನ್ನು ನಿಲ್ಲಿಸುವ ಶುಲ್ಕ, ಅವರು ಮೆಟ್ರೊ ನಿಲ್ದಾಣದವರೆಗೆ ಆಟೊಗೂ ಮುಂದೆ ಮೆಟ್ರೊಗೂ ಕೊಡುತ್ತಿದ್ದುದು ಎಲ್ಲ ಸೇರಿ ತಿಂಗಳಿಗೆ 3,500 ರೂಪಾಯಿ ಉಳಿಯುತ್ತದೆ. ಕೂಡಿ ಕಳೆದರೆ ಕೈಯಲ್ಲಿ ನಿಲ್ಲುವುದು 717. ಈ ಗತಿಯಲ್ಲಿ 22,700 ರೂಪಾಯಿ ಹಿಂದಿರುಗಲು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದಕಾರಣ ಹಣ ಉಳಿಸುವುದಕ್ಕಾಗಿ ಪೇಟೆಗೆ ಬಂದೆವೆಂದು ನಾನು ಹೇಳಲಾರೆ. ಬೆಳಗೂ ಬೈಗೂ ರಸ್ತೆಯ ಪಾಲಾಗುತ್ತಿದ್ದ ಹೊತ್ತು ಈಗ ಮನೆಯ ಪಾಲಾಗಿದೆ. ತಾಯಿಯವರು ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿ ತಮಗೆ ಬೇಕಾದ ಹೂವನ್ನು ತಾವೇ ಆರಿಸಿ ತರುತ್ತಾರೆ. ಮರಗಳ ನೆರಳಿಲ್ಲ, ಹಗಲಿಡೀ ಸದ್ದು. ಅದನ್ನೂ ತಿಳಿದೇ ಬಂದೆವು.

ಕರಾರಿನಂತೆ ಬಾಡಿಗೆ ವರ್ಷಕ್ಕೆ ಶೇಕಡಾ 5ರಂತೆ ಏರಿ, ಎರಡನೆಯ ವರ್ಷ 16,800, ಮೂರನೆಯ ವರ್ಷ 17,640 ಆಗುತ್ತದೆ. ಅಡ್ವಾನ್ಸನ್ನು ಅದಕ್ಕೆ ತಕ್ಕಂತೆ ಏರಿಸಕೂಡದೆಂದು ಒಂದು ವಾಕ್ಯವನ್ನು ಸೇರಿಸಲು ಕೇಳಿದೆವು. ಮಾಲೀಕರು ಸ್ವಲ್ಪ ಅನುಮಾನಿಸಿ, ಕೊನೆಗೆ ಒಪ್ಪಿ ಸಹಿ ಹಾಕಿದರು. ಈಗ ಉಳಿಯುವ 717ನ್ನು ಪ್ರತಿ ತಿಂಗಳೂ ಆವರ್ತ ಠೇವಣಿಗೆ ಕಟ್ಟುತ್ತಿದ್ದೇವೆ, ಮುಂದಿನ ಮನೆಯ ಅಡ್ವಾನ್ಸಿಗಾಗಿ.